ಮೊಗಸಾಲೆಯ ರಾಜಕಾರಣ: ಅಮೆರಿಕದ ಎರಡು ಕಾದಂಬರಿಗಳ ಪರಾಮರ್ಶೆ

೧

ಪಾಶ್ಚಾತ್ಯ ದೇಶಗಳ ಶಾಸನಸಭೆಗಳಲ್ಲಿ ಸಭಾಮಂದಿರದ ಹೊರಗೆ, ಸದಸ್ಯರೂ ಸದಸ್ಯರಲ್ಲದವರೂ ಕಲೆತು ಮಾತನಾಡುವುದಕ್ಕೆ ಒದಗುವ ಅಂಕಣಕ್ಕೆ ಇಂಗ್ಲಿಷಿನಲ್ಲಿ ಲಾಬಿ ಎಂದು ಹೆಸರು. ಕನ್ನಡದ ಮೊಗಸಾಲೆ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೊಗಸಾಲೆಯು ಪೂರಾ ಮನೆಯೊಳಗೂ ಸೇರದು, ಬೀದಿಗೂ ಸೇರದು. ಬಂದವರು ಯಾರು, ಏನನ್ನು ಬಯಸಿ ಬಂದರು ಎಂಬುದು ಅಲ್ಲಿ ಇತ್ಯರ್ಥವಾದ ಮೇಲೆ, ಒಳಗೆ ಹೋಗತಕ್ಕವರು ಒಳಗೆ ಹೋಗುತ್ತಾರೆ, ಉಳಿದವರು ಹಿಂದಿರುಗುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಥಳದ ಈ ಹೆಸರು ಕಾಲಕ್ರಮದಲ್ಲಿ ಒಂದು ವೃತ್ತಿಯ ಹೆಸರಾಯಿತು. ಅಧ್ಯಕ್ಷ ಗ್ರಾಂಟನು ವಾಷಿಂಗ್‌ಟನ್ನಿನ ವಿಲರ್ಡ್ ಹೋಟೆಲಿನ ಮೊಗಸಾಲೆಯಲ್ಲಿ ವಿಶ್ರಮಿಸುತ್ತಿದ್ದಾಗ ಅರ್ಜಿದಾರರು ಬಂದು ಮುತ್ತುತ್ತಿದ್ದುದರಿಂದ ಈ ಪದ ಹುಟ್ಟಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆಯೇನೋ ರಮ್ಯವಾದುದೇ, ಆದರೆ ಗ್ರಾಂಟನು ಅಧಿಕಾರಕ್ಕೆ ಬಂದ ೧೮೬೯ಕ್ಕೆ ಎಷ್ಟೋ ವರ್ಷಗಳ ಮೊದಲೇ ಪದವು ಈ ಅರ್ಥದಲ್ಲಿ ಬಳಕೆಯಲ್ಲಿತ್ತು.

ಈ ವೃತ್ತಿಯನ್ನು ಅಮೆರಿಕದ ಸಾಹಿತ್ಯವು ಬಹು ಬೇಗ ಗಮನಿಸಿತು. ಮಾರ್ಕ್ ಟ್ವೇನ್ ಮತ್ತು ಚಾರ್ಲ್ಸ್ ಡಡ್ಲಿ ವಾರ್ನರ್ ಇಬ್ಬರೂ ಕೂಡಿ ಬರೆದ ‘ದಿ ಗಿಲ್ಡೆಡ್ ಏಜ್’ ಎಂಬ ಕಾದಂಬರಿ ೧೮೭೩ರಲ್ಲಿಯೂ, ಹೆನ್ರಿ ಆಡಮ್ಸನ ‘ಡೆಮಾಕ್ರಸಿ’ ೧೮೮೦ರಲ್ಲಿಯೂ ಪ್ರಕಟವಾದವು. ಮೊದಲನೆಯದರ ಹೆಸರಿಗೆ ಗಿಲೀಟಿನ ಯುಗ ಎಂದರ್ಥ. ಆ ಹೆಸರೇ ಮುಂದೆ ಚರಿತ್ರಕಾರರ ಬಾಯಲ್ಲಿ ಅಮೆರಿಕದ ಒಂದು ಕಾಲಖಂಡಕ್ಕೆ ನಾಮಧೇಯವಾಗಿ ನಿಂತಿತು. ಈ ಎರಡು ಗ್ರಂಥಗಳನ್ನೂ ವಿಡಂಬನೆಯ ದೃಷ್ಟಿಯಿಂದಲೋ ಪಾತ್ರರಚನೆಯ ದೃಷ್ಟಿಯಿಂದಲೋ ಓದುವುದು ವಾಡಿಕೆ. ಅವುಗಳನ್ನು ಒರೆಗೆ ಹಚ್ಚಲು ಇನ್ನೊಂದು ಬಗೆಯೂ ಉಂಟು. ರಾಜಕೀಯ ಕಾದಂಬರಿಯು ಒಂದು ಜನಕ್ಕೆ ತನ್ನ ರಾಜ್ಯದ ರೋಗವನ್ನು ಕಾಣುವ ಕಣ್ಣನ್ನು ಕೊಡುತ್ತದೆ. ಆ ಕಣ್ಣು ಏನನ್ನು ಕಂಡಿತು, ಏನನ್ನು ಕಾಣದೆ ಹೋಯಿತು ಎಂಬುದು ಸಾಹಿತ್ಯವಿಮರ್ಶೆ ಕೇಳಬೇಕಾದ ಪ್ರಶ್ನೆಯೇ ಆಗಿದೆ. ಈ ಕಾದಂಬರಿಗಳು ಮೊಗಸಾಲೆಯಲ್ಲಿ ಮುಖ್ಯವಾಗಿ ಕಂಡದ್ದು ಲಂಚವನ್ನು. ಅಲ್ಲಿ ಲಂಚಕ್ಕಿಂತ ಬಲವಾಗಿ ಕೆಲಸಮಾಡುವ ಶಕ್ತಿಗಳು ಎರಡು: ಹಂಗು ಮತ್ತು ಅರಿವು. ಹಂಗನ್ನು ಅವು ಅರ್ಧ ಕಂಡವು. ಅರಿವನ್ನು ಕಾಣಲೇ ಇಲ್ಲ. ಆ ಅರೆನೋಟವು ಕಾದಂಬರಿಗಳಲ್ಲಿಯೇ ನಿಲ್ಲದೆ ಅಮೆರಿಕದ ನ್ಯಾಯಾಲಯಗಳ ವಿಚಾರಸರಣಿಯಲ್ಲಿಯೂ ಕಾಣಿಸಿಕೊಂಡಿರುವುದರಿಂದ ಈ ಪರಾಮರ್ಶೆ ಅಗತ್ಯವಾಗಿದೆ.

೨

ಕಾದಂಬರಿಗಳಿಗೆ ಬರುವ ಮುನ್ನ ಅವುಗಳ ಹಿನ್ನೆಲೆಯಲ್ಲಿರುವ ರಾಜ್ಯತತ್ತ್ವವನ್ನು ನೆನೆಯುವುದು ಯುಕ್ತ. ೧೭೮೭ನೆಯ ನವೆಂಬರ್ ೨೨ರಂದು ಜೇಮ್ಸ್ ಮ್ಯಾಡಿಸನ್ ‘ಪಬ್ಲಿಯಸ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ, ‘ಫೆಡರಲಿಸ್ಟ್’ ಮಾಲೆಯ ೧೦ನೆಯ ಲೇಖನವೇ ಈ ವಿಷಯಕ್ಕೆ ಮೂಲಗ್ರಂಥ. ಅವನ ವಾದದ ಸಾರ ಇಷ್ಟು: ಮನುಷ್ಯರ ಆಸ್ತಿ ಬೇರೆ, ಕಸಬು ಬೇರೆ, ಅಭಿಪ್ರಾಯ ಬೇರೆ, ಆದಕಾರಣ ಸಮಾನ ಹಿತವುಳ್ಳವರು ಕೂಟ ಕಟ್ಟುವುದು ಅನಿವಾರ್ಯ. ಕೂಟಗಳನ್ನು ಬೇರುಸಹಿತ ಕೀಳಬೇಕಾದರೆ ಸ್ವಾತಂತ್ರ್ಯವನ್ನೇ ಕಿತ್ತೊಗೆಯಬೇಕು, ಇಲ್ಲವೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕಹೊಯ್ಯಬೇಕು. ಮೊದಲನೆಯದು ರೋಗಕ್ಕಿಂತ ಕೆಟ್ಟ ಮದ್ದು, ಎರಡನೆಯದು ಅಸಾಧ್ಯ. ಉಳಿದದ್ದು ಅವುಗಳ ಪರಿಣಾಮವನ್ನು ಹತೋಟಿಯಲ್ಲಿಡುವ ಉಪಾಯ. ರಾಜ್ಯ ವಿಶಾಲವಾದಷ್ಟೂ ಕೂಟಗಳು ಹೆಚ್ಚುತ್ತವೆ, ಒಂದನ್ನೊಂದು ತಡೆಯುತ್ತವೆ. ೧೭೯೧ರಲ್ಲಿ ಸೇರಿಸಿದ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯು ಸರಕಾರದ ಮುಂದೆ ಅಹವಾಲು ಹೇಳಿಕೊಳ್ಳುವ ಹಕ್ಕನ್ನು ಪ್ರಜೆಗಳಿಗೆ ಸ್ಥಿರಪಡಿಸಿತು. ಹೀಗೆ ಮೊಗಸಾಲೆಗೆ ಬರುವುದು ಅಮೆರಿಕದ ಪ್ರಜೆಯ ಹಕ್ಕಾಯಿತು.

ಮ್ಯಾಡಿಸನ್ನನ ವಾದದಲ್ಲಿ ಒಂದು ನಂಬಿಕೆ ಅಡಗಿದೆ. ಬಹುಸಂಖ್ಯಾತರ ಕೂಟವು ಅಲ್ಪಸಂಖ್ಯಾತರನ್ನು ತುಳಿದೀತೆಂಬುದು ಅವನ ಮುಖ್ಯ ಭಯ. ಅಲ್ಪಸಂಖ್ಯಾತರ ಕೂಟವಾದರೋ ಮತದಾನದಲ್ಲಿ ತಾನೇ ಸೋಲುವುದೆಂದು ಅವನು ಸಮಾಧಾನಪಟ್ಟುಕೊಂಡನು. ಹಿತವುಳ್ಳವರೆಲ್ಲರೂ ಸರಿಸಮವಾಗಿ ಕೂಟ ಕಟ್ಟಬಲ್ಲರು, ಸರಿಸಮವಾಗಿ ಮೊಗಸಾಲೆಯವರೆಗೆ ನಡೆದುಬರಬಲ್ಲರು ಎಂಬುದು ಆ ಸಮಾಧಾನಕ್ಕೆ ಆಧಾರ. ಅತ್ತ ಮಗುವಿಗೆ ಹಾಲು ಎಂಬ ಗಾದೆ ಎಲ್ಲ ಮಕ್ಕಳಿಗೂ ಅಳುವ ಶಕ್ತಿಯಿದೆಯೆಂದು ಭಾವಿಸುತ್ತದೆ. ಅಳಲಾರದ ಮಗುವಿನ ಗತಿ ಏನೆಂಬ ಪ್ರಶ್ನೆಗೆ ಆ ಲೇಖನದಲ್ಲಿ ಉತ್ತರವಿಲ್ಲ. ಮುಂದಿನ ಎರಡು ಶತಮಾನಗಳ ಚರ್ಚೆಯೆಲ್ಲವೂ ಈ ಒಂದು ಬಿರುಕಿನಿಂದಲೇ ಹೊರಟಿತೆಂದು ಹೇಳಬಹುದಾಗಿದೆ.

೩

‘ಗಿಲ್ಡೆಡ್ ಏಜ್’ ಹುಟ್ಟಿದ್ದು ಹಗರಣಗಳ ನಡುವೆ. ಯೂನಿಯನ್ ಪೆಸಿಫಿಕ್ ರೈಲುಮಾರ್ಗದ ನಿರ್ಮಾಣಕಾರ್ಯವನ್ನು ವಹಿಸಿಕೊಂಡಿದ್ದ ಕ್ರೆಡಿಟ್ ಮೊಬಿಲಿಯರ್ ಎಂಬ ಕಂಪೆನಿಯ ಪಾಲುಗಳನ್ನು ಪ್ರತಿನಿಧಿಸಭೆಯ ಸದಸ್ಯನಾದ ಓಕ್ಸ್ ಏಮ್ಸನು ತನ್ನ ಜೊತೆಯ ಸದಸ್ಯರಿಗೆ ಅಗ್ಗವಾಗಿ ಹಂಚಿದ್ದ ಸಂಗತಿ ೧೮೭೨ರಲ್ಲಿ ಬಯಲಾಯಿತು. ೧೮೭೩ರಲ್ಲಿ ಸಭೆಯು ಅವನಿಗೆ ಛೀಮಾರಿ ಹಾಕಿತು. ಆಗ ಸೆನೆಟಿಗೆ ಸದಸ್ಯರನ್ನು ಆರಿಸುತ್ತಿದ್ದವರು ಸಂಸ್ಥಾನಗಳ ಶಾಸಕರು. ಅದೇ ೧೮೭೩ರ ಜನವರಿಯಲ್ಲಿ ಕ್ಯಾನ್ಸಸ್ ಸಂಸ್ಥಾನದ ಶಾಸಕನಾದ ಯಾರ್ಕ್ ಎಂಬಾತನು ೭,೦೦೦ ಡಾಲರುಗಳನ್ನು ಸಭೆಯ ಮುಂದಿಟ್ಟು, ಸೆನೆಟರ್ ಪಾಮರಾಯ್ ತನ್ನ ಮತಕ್ಕಾಗಿ ಕೊಟ್ಟ ಹಣ ಇದೆಂದು ಸಾರಿದನು. ಈ ಸುದ್ದಿಗಳ ಬಿಸಿ ಆರುವ ಮೊದಲೇ ಕಾದಂಬರಿ ಸಿದ್ಧವಾಯಿತು. ಅದರಲ್ಲಿ ಬರುವ ಸೆನೆಟರ್ ಡಿಲ್‌ವರ್ದಿಯು ಪಾಮರಾಯನ ಪಡಿಯಚ್ಚು.

ಕಥೆಯ ಬೀಜ ಟೆನೆಸೀ ಪ್ರಾಂತದ ಒಂದು ಬರಡುಭೂಮಿ. ಹಾಕಿನ್ಸ್ ಮನೆತನದ ಹಿರಿಯನು ಈ ಭೂಮಿ ಮಕ್ಕಳನ್ನು ಶ್ರೀಮಂತರನ್ನಾಗಿ ಮಾಡುವುದೆಂದು ನಂಬಿ ಸಾಯುತ್ತಾನೆ. ಆ ಭೂಮಿಯನ್ನು ಸರಕಾರವು ೩೦ ಲಕ್ಷ ಡಾಲರು ಕೊಟ್ಟು ಕೊಂಡು, ದಾಸ್ಯದಿಂದ ಬಿಡುಗಡೆಯಾದ ಕರಿಯರಿಗಾಗಿ ಕೈಗಾರಿಕೆಯ ವಿಶ್ವವಿದ್ಯಾಲಯವೊಂದನ್ನು ಅಲ್ಲಿ ಕಟ್ಟಬೇಕೆಂಬ ಮಸೂದೆಯನ್ನು ಡಿಲ್‌ವರ್ದಿ ಹೂಡುತ್ತಾನೆ. ಪರೋಪಕಾರದ ಹೊದಿಕೆಯಲ್ಲಿ ಸ್ವಂತ ಲಾಭವನ್ನು ಒಯ್ಯುವ ಈ ಕಲ್ಪನೆ ವಿಡಂಬನೆಯ ಉತ್ತಮ ಮಾದರಿ. ಹಾಕಿನ್ಸರ ಸಾಕುಮಗಳಾದ ಲಾರಾ ರೂಪವತಿ, ಬುದ್ಧಿವಂತೆ. ಅವಳು ವಾಷಿಂಗ್‌ಟನ್ನಿಗೆ ಬಂದು ಮಸೂದೆಗೆ ಮತ ಕೂಡಿಸುತ್ತಾಳೆ. ಪ್ರತಿನಿಧಿಸಭೆಯಲ್ಲಿ ಮಸೂದೆ ಗೆಲ್ಲುತ್ತದೆ. ಡಿಲ್‌ವರ್ದಿಯ ಲಂಚ ಬಯಲಾದ ಕಾರಣ ಸೆನೆಟಿನಲ್ಲಿ ಬಿದ್ದುಹೋಗುತ್ತದೆ. ತನ್ನನ್ನು ಹಿಂದೆ ವಂಚಿಸಿದ್ದವನನ್ನು ಗುಂಡಿಟ್ಟು ಕೊಂದ ಲಾರಾ ನ್ಯಾಯಾಲಯದಲ್ಲಿ ಬಿಡುಗಡೆ ಹೊಂದಿದರೂ, ಜನರ ತಿರಸ್ಕಾರವನ್ನು ತಾಳಲಾರದೆ ಎದೆಯೊಡೆದು ಸಾಯುತ್ತಾಳೆ.

ಮೊಗಸಾಲೆಯ ವ್ಯವಹಾರವನ್ನು ಕಾದಂಬರಿ ಅತ್ಯಂತ ಸ್ಪಷ್ಟವಾಗಿ ತೋರಿಸುವುದು ೨೮ನೆಯ ಅಧ್ಯಾಯದಲ್ಲಿ. ನದಿಯೊಂದರ ಸುಧಾರಣೆಗೆಂದು ಮಂಜೂರಾದ ೨ ಲಕ್ಷ ಡಾಲರು ಎಲ್ಲಿ ಹೋಯಿತೆಂದು ಕೇಳಿದ ತರುಣನಿಗೆ ಕಂಪೆನಿಯ ಅಧ್ಯಕ್ಷನು ಲೆಕ್ಕ ಒಪ್ಪಿಸುತ್ತಾನೆ. ಸಮಿತಿಯ ಸದಸ್ಯರಿಗೆ ತಲಾ ೧೦,೦೦೦, ಮೊಗಸಾಲೆಯಲ್ಲಿ ಓಡಾಡುವ ಏಳು ಮಂದಿ ಗಂಡಸರಿಗೆ ತಲಾ ೩,೦೦೦, ಹೆಂಗಸೊಬ್ಬಳಿಗೆ ೧೦,೦೦೦, ನೀತಿವಂತರೆಂದು ಹೆಸರಾದ ಸದಸ್ಯರಿಗೆ ಸ್ವಲ್ಪ ಹೆಚ್ಚು, ಹಳ್ಳಿಗಾಡಿನ ಸದಸ್ಯರಿಗೆ ತಲಾ ೫೦೦. ಮಾರವಾಡಿಯ ಖಾತೆಯಂತೆ ಸಾಲುಸಾಲಾಗಿ ಬರುವ ಈ ಪಟ್ಟಿಯಲ್ಲಿ ಹಾಸ್ಯವೂ ಇದೆ, ರೋಷವೂ ಇದೆ. ಸುಲಿಗೆಯನ್ನು ಮಾಮೂಲು ಖರ್ಚಿನಂತೆ ಹೇಳುವ ಆ ಶಾಂತಸ್ವರದಲ್ಲಿಯೇ ಟ್ವೇನನ ಪ್ರತಿಭೆ ಪ್ರಕಾಶಿಸುತ್ತದೆ.

ಆದರೆ ಪಟ್ಟಿಯಲ್ಲಿ ಒಂದು ಬಾಬನ್ನು ಓದುಗರು ಗಮನಿಸಬೇಕು. ಸದಸ್ಯರಿಗೆ ಇಕ್ಕಿದ ಔತಣಗಳು, ಒಟ್ಟು ೧೦,೦೦೦ ಡಾಲರು. ಅದು ಚಿಲ್ಲರೆ ಖರ್ಚುಗಳ ಗುಂಪಿನಲ್ಲಿ ಬಂದುಹೋಗುತ್ತದೆ. ಅಂದಿನ ನಿಜವಾದ ವಾಷಿಂಗ್‌ಟನ್ನಿನಲ್ಲಿ ಮೊಗಸಾಲೆಯ ಅರಸನೆಂದು ಬಿರುದು ಪಡೆದಿದ್ದವನು ಸ್ಯಾಮ್ ವಾರ್ಡ್ (೧೮೧೪–೧೮೮೪), ಕವಯಿತ್ರಿ ಜೂಲಿಯಾ ವಾರ್ಡ್ ಹೋ ಅವರ ಅಣ್ಣ. ಅವನ ಉಪಕರಣ ಊಟದ ಮೇಜು. ಯಾರ ಪಕ್ಕದಲ್ಲಿ ಯಾರನ್ನು ಕೂರಿಸಬೇಕು, ಯಾವ ಪಾನೀಯದ ಹಿಂದೆ ಯಾವ ಮಾತನ್ನು ತೆಗೆಯಬೇಕು ಎಂಬುದರಲ್ಲಿ ಅವನು ಪರಿಣತ. ಪೆಸಿಫಿಕ್ ಮೇಲ್ ಎಂಬ ಹಡಗಿನ ಕಂಪೆನಿಗೆ ದೊರೆತ ಸಹಾಯಧನದ ಬಗ್ಗೆ ಕಾಂಗ್ರೆಸ್ಸು ೧೮೭೫ರಲ್ಲಿ ವಿಚಾರಣೆ ನಡೆಸಿದಾಗ ಅವನು ಸಾಕ್ಷಿಯಾಗಿ ನಿಂತು, ತನ್ನ ಕಸಬಿನ ಗುಟ್ಟನ್ನು ಯಾವ ನಾಚಿಕೆಯೂ ಇಲ್ಲದೆ ನಗುನಗುತ್ತ ಬಿಚ್ಚಿಟ್ಟನು. ಟ್ವೇನನು ಚಿಲ್ಲರೆಗೆ ಸೇರಿಸಿದ ಬಾಬು ವಾರ್ಡನಿಗೆ ಮೂಲಬಂಡವಾಳವಾಗಿತ್ತು.

ಈ ಭೇದವು ಸಣ್ಣದಾಗಿ ಕಂಡರೂ ಅದರ ಫಲ ದೊಡ್ಡದು. ಲಂಚ ಒಂದು ಕ್ರಯ; ಬೆಲೆ ಸಂದಿತು, ಮತ ಸಂದಿತು, ಸಂಬಂಧ ಮುಗಿಯಿತು. ಹಂಗು ಹಾಗೆ ಮುಗಿಯುವುದಿಲ್ಲ. ಉಪ್ಪುಂಡವನಿಗೆ ತಾನು ಮಾರಿಕೊಂಡೆನೆಂಬ ಅರಿವೇ ಇರುವುದಿಲ್ಲ. ಗೆಳೆಯನ ಮಾತನ್ನು ಕೇಳಿದೆನೆಂದು ಮಾತ್ರ ತಿಳಿಯುತ್ತಾನೆ. ದಾಕ್ಷಿಣ್ಯವು ಸದ್ಗುಣದ ಮನೆಯಲ್ಲಿ ಹುಟ್ಟಿದ ಕೂಸಾದುದರಿಂದ ಅದನ್ನು ಅಪರಾಧವೆಂದು ಹಿಡಿಯುವುದು ಕಷ್ಟ. ‘ಗಿಲ್ಡೆಡ್ ಏಜ್’ ಲೆಕ್ಕದ ಪುಸ್ತಕದಲ್ಲಿ ಬರೆಯಬಹುದಾದುದನ್ನೆಲ್ಲ ಕಂಡಿತು. ಲೆಕ್ಕಕ್ಕೆ ಸಿಕ್ಕದಿರುವುದನ್ನು ಬಿಟ್ಟಿತು. ಡಿಲ್‌ವರ್ದಿ ಬಯಲಾದರೆ ಮಸೂದೆ ಬೀಳುತ್ತದೆ ಎಂಬ ಕಥಾಸಂವಿಧಾನದಲ್ಲಿಯೇ ಈ ದೋಷವಿದೆ. ದುಷ್ಟನೊಬ್ಬನನ್ನು ಹಿಡಿದರೆ ರಾಜ್ಯ ಶುದ್ಧವಾಗುವುದೆಂಬ ಭರವಸೆಯನ್ನು, ಅಷ್ಟು ಕಟುವಾಗಿ ನಗುವ ಆ ಗ್ರಂಥವೂ ಬಿಡಲಾರದೆ ಹೋಗಿದೆ.

೪

‘ಡೆಮಾಕ್ರಸಿ’ ಇನ್ನೊಂದು ಜಾತಿಯ ಗ್ರಂಥ. ಇಬ್ಬರು ಅಧ್ಯಕ್ಷರನ್ನು ಕೊಟ್ಟ ಮನೆತನದಲ್ಲಿ ಹುಟ್ಟಿದ ಹೆನ್ರಿ ಆಡಮ್ಸನು ಇದನ್ನು ತನ್ನ ಹೆಸರು ಹಾಕದೆ ಪ್ರಕಟಿಸಿದನು. ೧೯೧೮ರಲ್ಲಿ ಅವನು ತೀರಿಕೊಂಡ ತರುವಾಯವೇ ಕರ್ತೃತ್ವವು ಬಹಿರಂಗವಾಗಿ ಒಪ್ಪಿತವಾಯಿತು. ನ್ಯೂಯಾರ್ಕಿನ ವಿಧವೆಯಾದ ಮೇಡಲೀನ್ ಲೀ ಅಧಿಕಾರವೆಂಬ ಯಂತ್ರವು ಒಳಗೆ ಹೇಗೆ ತಿರುಗುತ್ತದೆಂಬುದನ್ನು ಕಾಣುವ ಬಯಕೆಯಿಂದ ವಾಷಿಂಗ್‌ಟನ್ನಿಗೆ ಬರುತ್ತಾಳೆ. ಇಲಿನಾಯ್ ಸಂಸ್ಥಾನದ ಸೆನೆಟರ್ ಸೈಲಸ್ ರ‍್ಯಾಟ್‌ಕ್ಲಿಫ್ ಅವಳ ಕೈಹಿಡಿಯಲು ಆಶಿಸುತ್ತಾನೆ. ಇವನಲ್ಲಿ ಜೇಮ್ಸ್ ಬ್ಲೇನನ ಛಾಯೆಯನ್ನು ವಿಮರ್ಶಕರು ಕಂಡಿದ್ದಾರೆ. ಮೊಗಸಾಲೆಯ ಕಸಬಿನಲ್ಲಿದ್ದ ಬೇಕರ್ ಎಂಬವನು ಸತ್ತು, ಅವನ ಕಾಗದಪತ್ರಗಳು ವರ್ಜೀನಿಯದ ವಕೀಲ ಕ್ಯಾರಿಂಗ್‌ಟನ್ನನ ಕೈಗೆ ಬಂದಿವೆ. ಹಡಗಿನ ಕಂಪೆನಿಯೊಂದರ ಸಹಾಯಧನದ ಮಸೂದೆಗೆ ಅಡ್ಡಬಾರದಿರಲು ರ‍್ಯಾಟ್‌ಕ್ಲಿಫ್ ಒಂದು ಲಕ್ಷ ಡಾಲರು ಪಡೆದನೆಂಬ ಗುಟ್ಟು ಅವುಗಳಲ್ಲಿತ್ತು. ಅದು ತಿಳಿದ ಮೇಲೆ ಮೇಡಲೀನ್ ಅವನನ್ನು ನಿರಾಕರಿಸುತ್ತಾಳೆ.

ಇಲ್ಲಿ ಆಡಮ್ಸನು ಟ್ವೇನನಿಗಿಂತ ಒಂದು ಮೆಟ್ಟಿಲು ಮುಂದಕ್ಕೆ ಹೋಗಿದ್ದಾನೆ. ಆ ಹಣವನ್ನು ರ‍್ಯಾಟ್‌ಕ್ಲಿಫ್ ಮನೆಗೆ ಒಯ್ಯಲಿಲ್ಲ; ಅದು ಪಕ್ಷದ ಚುನಾವಣೆಯ ನಿಧಿಗೆ ಹೋಯಿತು. ದೇಶವು ಎದುರು ಪಕ್ಷದ ಕೈಗೆ ಬಿದ್ದು ಕೆಡದಂತೆ ಕಾಯುವುದಕ್ಕಾಗಿ ತಾನು ಹೀಗೆ ಮಾಡಬೇಕಾಯಿತೆಂದು ಅವನು ವಾದಿಸುತ್ತಾನೆ. ಆ ವಾದದಲ್ಲಿ ಕಪಟವೆಷ್ಟು, ಪ್ರಾಮಾಣಿಕತೆಯೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳಲು ಮೇಡಲೀನಳಿಗೂ ಆಗುವುದಿಲ್ಲ, ಓದುಗನಿಗೂ ಆಗುವುದಿಲ್ಲ. ಡಿಲ್‌ವರ್ದಿ ಕಳ್ಳ; ರ‍್ಯಾಟ್‌ಕ್ಲಿಫ್ ರಾಜಕಾರಣಿ. ಕಳ್ಳನಿಗಿಂತ ಹೆಚ್ಚು ಗಂಭೀರವಾದ ಸಮಸ್ಯೆ ಇವನು. ಚುನಾವಣೆಗೆ ಹಣ ಬೇಕು, ಹಣ ಕೊಟ್ಟವರ ಹಂಗು ಉಳಿಯುತ್ತದೆ, ಹಂಗು ಶಾಸನದೊಳಕ್ಕೆ ಹರಿಯುತ್ತದೆ ಎಂಬ ಕಾರ್ಯಕಾರಣದ ಸರಪಳಿಯನ್ನು ಕಾದಂಬರಿಯಲ್ಲಿ ಇಷ್ಟು ಸ್ಪಷ್ಟವಾಗಿ ಹೆಣೆದ ಕೀರ್ತಿ ಆಡಮ್ಸನದು.

ಆದರೂ ಕಥೆ ತಾನು ತಲುಪಿದ ಆಳದಲ್ಲಿ ನಿಲ್ಲುವುದಿಲ್ಲ. ಸಾರ್ವಜನಿಕ ಪ್ರಶ್ನೆಯು ಕೊನೆಗೆ ಒಬ್ಬ ಹೆಣ್ಣು ಒಬ್ಬ ಗಂಡನ್ನು ವರಿಸಬೇಕೆ ಬೇಡವೆ ಎಂಬ ಪ್ರಶ್ನೆಯಾಗಿ ಕುಗ್ಗುತ್ತದೆ. ಉತ್ತರ ದೊರೆತ ಕೂಡಲೆ ಮೇಡಲೀನ್ ಈಜಿಪ್ಟಿಗೆ ಹೊರಟುಬಿಡುತ್ತಾಳೆ. ಸಹಾಯಧನದ ಹಣ ತೆತ್ತ ಪ್ರಜೆಗಳು ಈಜಿಪ್ಟಿಗೆ ಹೋಗಲಾರರು. ಅವರು ಕಾದಂಬರಿಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದೇ ಇಲ್ಲ. ನಾಯಿಕೆಯ ಮನಸ್ಸಾಕ್ಷಿಯ ಶುದ್ಧಿಯು ಗ್ರಂಥಕರ್ತನಿಗೆ ಸಾಕೆನಿಸಿದೆ. ಲೋಕದ ಕೊಳೆಯನ್ನು ಕಂಡು ಮುಖ ತಿರುಗಿಸುವ ಕುಲೀನನ ದೃಷ್ಟಿ ಇದು. ಅದರಲ್ಲಿ ಸತ್ಯವಿದ್ದರೂ ಸಹಾಯವಿಲ್ಲ.

೫

ಕಾದಂಬರಿಗಳು ಬಿಟ್ಟ ಸ್ಥಳದಿಂದ ರಾಜ್ಯಶಾಸ್ತ್ರವು ಮುಂದುವರಿಯಿತು. ಆರ್ಥರ್ ಬೆಂಟ್ಲಿಯು ೧೯೦೮ರಲ್ಲಿ ಪ್ರಕಟಿಸಿದ ‘ದಿ ಪ್ರೋಸೆಸ್ ಆಫ್ ಗವರ್ನ್‌ಮೆಂಟ್’ ಎಂಬ ಗ್ರಂಥದಲ್ಲಿ ಸರಕಾರದ ಎಲ್ಲ ವ್ಯಾಪಾರವನ್ನೂ ಕೂಟಗಳ ಒತ್ತಡ ಮತ್ತು ಪ್ರತಿಒತ್ತಡಗಳಿಂದ ವಿವರಿಸಲು ಯತ್ನಿಸಿದನು. ೧೯೩೦ರ ಸ್ಮೂಟ್–ಹಾಲಿ ಸುಂಕದ ಕಾಯಿದೆ ಹುಟ್ಟಿದ ಬಗೆಯನ್ನು ಶಾಟ್‌ಷ್ನೈಡರ್ ೧೯೩೫ರಲ್ಲಿ ಪರಿಶೀಲಿಸಿದನು. ಸಮಿತಿಗಳ ಮುಂದೆ ಬಂದು ಸಾವಿರಾರು ಪುಟಗಳ ಸಾಕ್ಷ್ಯ ನುಡಿದವರು ಸುಂಕದಿಂದ ಲಾಭ ಪಡೆಯತಕ್ಕವರು. ಅದರ ಭಾರ ಹೊರತಕ್ಕವರಲ್ಲಿ ಬಂದವರು ವಿರಳ. ಇದಕ್ಕೆ ಕಾರಣವನ್ನು ಮಾನ್ಸರ್ ಓಲ್ಸನ್ ೧೯೬೫ರಲ್ಲಿ ತರ್ಕಬದ್ಧವಾಗಿ ನಿರೂಪಿಸಿದನು. ಲಾಭವು ಕೆಲವರಲ್ಲಿ ಗಟ್ಟಿಯಾಗಿ ನಿಂತರೆ ಅವರು ಸುಲಭವಾಗಿ ಒಗ್ಗೂಡುತ್ತಾರೆ. ನಷ್ಟವು ಕೋಟಿ ಜನರಲ್ಲಿ ಚೂರುಚೂರಾಗಿ ಹಂಚಿಹೋದರೆ ಯಾರೂ ಏಳುವುದಿಲ್ಲ. ಅಮೆರಿಕದ ಸಕ್ಕರೆಯೇ ಇದಕ್ಕೆ ನಿದರ್ಶನ. ೧೯೩೪ರ ಶಾಸನದಿಂದ ಮೊದಲಾದ ರಕ್ಷಣಾವ್ಯವಸ್ಥೆಯು, ನಡುವೆ ಅಲ್ಪಕಾಲ ನಿಂತುದನ್ನು ಬಿಟ್ಟರೆ, ಬೇರೆಬೇರೆ ರೂಪಗಳಲ್ಲಿ ಉಳಿದುಬಂದು, ಬೆಳೆಗಾರರೂ ಕಾರ್ಖಾನೆಯವರೂ ಆದ ಕೆಲವೇ ಜನರ ಹಿತಕ್ಕಾಗಿ ದೇಶದ ಸಕ್ಕರೆಯ ಬೆಲೆಯನ್ನು ಬಹುಕಾಲ ಹೊರಗಿನ ಬೆಲೆಗಿಂತ ಮೇಲಿರಿಸಿದೆ. ಚಹಕ್ಕೆ ಸಕ್ಕರೆ ಹಾಕಿಕೊಳ್ಳುವವನು ಆ ಕೆಲವು ಕಾಸುಗಳಿಗಾಗಿ ವಾಷಿಂಗ್‌ಟನ್ನಿಗೆ ಹೋಗುವುದಿಲ್ಲ.

ಇದಾದ ಮೇಲೆ ಅರಿವಿನ ಪ್ರಶ್ನೆ. ರಿಚರ್ಡ್ ಹಾಲ್ ಮತ್ತು ಆಲನ್ ಡಿಯರ್‌ಡಾರ್ಫ್ ೨೦೦೬ರಲ್ಲಿ ಮಂಡಿಸಿದ ಸಿದ್ಧಾಂತದಂತೆ ಮೊಗಸಾಲೆಯವರು ವಿರೋಧಿಗಳ ಮನಸ್ಸನ್ನು ತಿರುಗಿಸಲು ಶ್ರಮಿಸುವುದು ಕಡಮೆ; ಮೊದಲೇ ಒಲವುಳ್ಳ ಸದಸ್ಯನಿಗೆ ಅಂಕಿಅಂಶ, ಕರಡು, ವಾದಸಾಮಗ್ರಿಗಳನ್ನು ಒದಗಿಸಿ ಅವನ ದುಡಿಮೆಗೆ ಸಹಾಯಧನ ಕೊಡುತ್ತಾರೆ. ಸದಸ್ಯನಿಗೆ ಹೊತ್ತು ಸಾಲದು, ಸಿ‌ಬ್ಬಂದಿ ಸಾಲದು, ವಿಷಯಗಳು ಅಸಂಖ್ಯಾತ. ಸಿದ್ಧಪಡಿಸಿದ ಕಾಗದವನ್ನು ಕೈಗಿತ್ತವನೇ ಅವನಿಗೆ ಆಪ್ತನು. ಇಲ್ಲಿ ಕೊಳ್ಳುವವನೂ ಇಲ್ಲ, ಮಾರುವವನೂ ಇಲ್ಲ. ೨೦೨೩ರಲ್ಲಿ ಕೇಂದ್ರಸರಕಾರದ ಮಟ್ಟದಲ್ಲಿ ಈ ಕಸಬಿಗೆ ಅಧಿಕೃತವಾಗಿ ತೋರಿಸಿದ ವೆಚ್ಚವೇ ೪೦೦ ಕೋಟಿ ಡಾಲರುಗಳನ್ನು ಮೀರಿತು. ಅದೇ ಕಾಂಗ್ರೆಸ್ಸು, ವಿಜ್ಞಾನ ಮತ್ತು ಯಂತ್ರವಿಷಯಗಳಲ್ಲಿ ತನಗೆ ಸ್ವತಂತ್ರವಾಗಿ ಸಲಹೆ ನೀಡಲು ೧೯೭೨ರಲ್ಲಿ ಸ್ಥಾಪಿಸಿಕೊಂಡಿದ್ದ ಕಚೇರಿಯನ್ನು ಖರ್ಚು ಉಳಿಸುವ ನೆಪದಿಂದ ೧೯೯೫ರಲ್ಲಿ ಮುಚ್ಚಿತು. ಮನೆಯ ದೀಪವನ್ನು ಆರಿಸಿದ ಮೇಲೆ ಮೊಗಸಾಲೆಯವನ ಪಂಜೇ ಗತಿ.

ವಿದ್ವಾಂಸರೊಳಗೆ ಏಕಾಭಿಪ್ರಾಯವಿದೆಯೆಂದು ತಿಳಿಯಬಾರದು. ಬೌಮ್‌ಗಾರ್ಟ್‌ನರ್ ಮೊದಲಾದವರು ೯೮ ವಿಷಯಗಳನ್ನು ಹಿಂಬಾಲಿಸಿ ನೋಡಿ, ಹೆಚ್ಚು ಹಣವುಳ್ಳ ಪಕ್ಷವೇ ಗೆಲ್ಲುವುದೆಂಬ ನಿಯಮವಿಲ್ಲವೆಂದೂ, ಬಹುಪಾಲು ಇದ್ದುದೇ ಇದ್ದಂತೆ ಉಳಿಯುವುದೆಂದೂ ೨೦೦೯ರಲ್ಲಿ ತೋರಿಸಿದರು. ಗಿಲೆನ್ಸ್ ಮತ್ತು ಪೇಜ್ ೧,೭೭೯ ಪ್ರಶ್ನೆಗಳನ್ನು ಪರಿಶೀಲಿಸಿ, ಧನಿಕರಿಗೂ ವ್ಯಾಪಾರಿಕೂಟಗಳಿಗೂ ಇರುವ ಪ್ರಭಾವ ಸಾಮಾನ್ಯ ಪ್ರಜೆಗೆ ಇಲ್ಲವೆಂದು ೨೦೧೪ರಲ್ಲಿ ನಿರ್ಣಯಿಸಿದರು. ಬಹುತೇಕ ಪ್ರಶ್ನೆಗಳಲ್ಲಿ ಧನಿಕರ ಮತ್ತು ಮಧ್ಯಮರ ಅಭಿಪ್ರಾಯಗಳು ಒಂದೇ ಆಗಿರುತ್ತವೆಂದು ಬೇರೆ ವಿದ್ವಾಂಸರು ಆಕ್ಷೇಪಿಸಿದರು. ಮೇಲುನೋಟಕ್ಕೆ ಈ ಫಲಿತಾಂಶಗಳು ಒಂದಕ್ಕೊಂದು ಎದುರಾದವು. ಆದರೆ ಇದ್ದುದು ಇದ್ದಂತೆಯೇ ಉಳಿದರೆ, ಮೊದಲೇ ಅನುಕೂಲಸ್ಥಿತಿಯಲ್ಲಿರುವವರಿಗೆ ಅದೇ ಜಯವಲ್ಲವೆ? ಮತದಾನವನ್ನು ಮಾತ್ರ ಎಣಿಸುವವನಿಗೆ ಮತಕ್ಕೆ ಬಾರದೆ ನಿಂತ ವಿಷಯ ಕಾಣುವುದಿಲ್ಲ.

ಒಂದು ದೃಷ್ಟಾಂತದಿಂದ ಇದು ವಿಶದವಾಗುತ್ತದೆ. ವೃದ್ಧರಿಗೆ ಔಷಧದ ವೆಚ್ಚವನ್ನು ಭರಿಸುವ ಮೆಡಿಕೇರ್ ಕಾಯಿದೆಯನ್ನು ಪ್ರತಿನಿಧಿಸಭೆಯು ೨೦೦೩ನೆಯ ನವೆಂಬರ್ ೨೨ರಂದು, ಮತದಾನವನ್ನು ಸುಮಾರು ಮೂರು ಗಂಟೆಗಳ ಕಾಲ ಎಳೆದು, ಬೆಳಗಿನ ಜಾವದಲ್ಲಿ ೨೨೦ಕ್ಕೆ ೨೧೫ ಮತಗಳಿಂದ ಅಂಗೀಕರಿಸಿತು. ಔಷಧಗಳ ಬೆಲೆಯ ವಿಷಯವಾಗಿ ಕಂಪೆನಿಗಳೊಡನೆ ಸರಕಾರವು ಚೌಕಾಶಿ ಮಾಡಕೂಡದೆಂಬ ಉಪಬಂಧ ಅದರಲ್ಲಿತ್ತು. ಕಾಯಿದೆಯನ್ನು ರೂಪಿಸಿದವರಲ್ಲಿ ಒಬ್ಬನಾದ ಸಮಿತಿಯ ಅಧ್ಯಕ್ಷ ಬಿಲ್ಲಿ ಟೌಜಿನ್ ೨೦೦೫ರಲ್ಲಿ ಔಷಧೋದ್ಯಮಿಗಳ ಸಂಘದ ಮುಖ್ಯಸ್ಥನಾದನು. ಆ ರಾತ್ರಿ ಸದಸ್ಯನೊಬ್ಬನ ಮತಕ್ಕೆ ಪ್ರತಿಯಾಗಿ ಅವನ ಮಗನ ಚುನಾವಣೆಗೆ ಬೆಂಬಲ ಸೂಚಿಸಿದ್ದಕ್ಕಾಗಿ ಸಭೆಯ ನೀತಿಸಮಿತಿಯು ಬಹುಮತ ಪಕ್ಷದ ನಾಯಕನಿಗೆ ೨೦೦೪ರಲ್ಲಿ ಎಚ್ಚರಿಕೆ ನೀಡಿತು. ಕ್ರಯವೆಂದು ಕಾಣಿಸಿದ ಒಂದು ಮಾತು ಹೀಗೆ ಆಕ್ಷೇಪಕ್ಕೆ ಒಳಗಾಯಿತು. ಕೋಟ್ಯಂತರ ವೃದ್ಧರ ಔಷಧದ ಬೆಲೆಯನ್ನು ಕಟ್ಟಿಹಾಕಿದ ಉಪಬಂಧವಾದರೋ ಸಕ್ರಮವಾಗಿ ಪುಸ್ತಕದಲ್ಲಿ ಕುಳಿತಿತು. ಅದನ್ನು ಭಾಗಶಃ ಸಡಿಲಿಸಿದ ಶಾಸನ ಬಂದದ್ದು ೨೦೨೨ರಲ್ಲಿ, ೧೯ ವರ್ಷಗಳ ಬಳಿಕ.

೬

ನ್ಯಾಯಶಾಸ್ತ್ರದ ಚರಿತ್ರೆಯಲ್ಲಿ ಇನ್ನೂ ವಿಚಿತ್ರವಾದ ಒಂದು ತಿರುವಿದೆ. ‘ಗಿಲ್ಡೆಡ್ ಏಜ್’ ಪ್ರಕಟವಾದ ಕಾಲದಲ್ಲಿ ನ್ಯಾಯಾಲಯದ ಕಣ್ಣು ಕಾದಂಬರಿಯ ಕಣ್ಣಿಗಿಂತ ಸೂಕ್ಷ್ಮವಾಗಿತ್ತು. ಮೆಕ್ಸಿಕೋ ದೇಶದೊಡನೆ ೧೮೪೮ರ ಸಂಧಿಯನ್ನು ಕುದುರಿಸಿದ ನಿಕೊಲಸ್ ಟ್ರಿಸ್ಟನಿಗೆ ಸರಕಾರದಿಂದ ಹಣ ಬರಬೇಕಾಗಿತ್ತು. ಅದನ್ನು ಕಾಂಗ್ರೆಸ್ಸಿನಿಂದ ಮಂಜೂರು ಮಾಡಿಸಿಕೊಟ್ಟರೆ ನಾಲ್ಕನೆಯ ಒಂದು ಪಾಲು ಕೊಡುವೆನೆಂದು ಅವನು ವಕೀಲನೊಬ್ಬನೊಡನೆ ಒಪ್ಪಂದ ಮಾಡಿಕೊಂಡನು. ಹಣ ಬಂದ ಮೇಲೆ ಪಾಲು ಕೊಡಲಿಲ್ಲ. ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೮೭೪ರಲ್ಲಿ ಕೊಟ್ಟ ತೀರ್ಪಿನಂತೆ, ಶಾಸಕರ ಮೇಲೆ ಖಾಸಗಿಯಾಗಿ ಪ್ರಭಾವ ಬೀರುವ ಕೆಲಸವನ್ನು ಕೂಲಿಗೆ ವಹಿಸುವ ಒಪ್ಪಂದವೇ ಅಸಿಂಧು. ಲಂಚ ನಡೆಯಿತೆಂದು ಆ ವ್ಯಾಜ್ಯದಲ್ಲಿ ಯಾರೂ ಆರೋಪಿಸಿರಲಿಲ್ಲ. ೧೮೭೭ರ ಜಾರ್ಜಿಯಾ ಸಂಸ್ಥಾನದ ರಾಜ್ಯಾಂಗವು ಈ ಕಸಬನ್ನೇ ಅಪರಾಧವೆಂದು ಸಾರಿತು.

ಇಪ್ಪತ್ತನೆಯ ಶತಮಾನದಲ್ಲಿ ದೃಷ್ಟಿ ಬೇರೆಯಾಯಿತು. ಕಂಪೆನಿಗಳು ಕೇಂದ್ರದ ಚುನಾವಣೆಗಳಿಗೆ ದೇಣಿಗೆ ಕೊಡುವುದನ್ನು ೧೯೦೭ರ ಟಿಲ್‌ಮನ್ ಕಾಯಿದೆ ತಡೆಯಿತು. ೧೯೪೬ರ ಕಾಯಿದೆಯು ಮೊಗಸಾಲೆಯವರು ಹೆಸರು ನೋಂದಾಯಿಸಬೇಕೆಂದು ವಿಧಿಸಿತು. ೧೯೫೪ರ ಹ್ಯಾರಿಸ್ ವ್ಯಾಜ್ಯದಲ್ಲಿ ನ್ಯಾಯಾಲಯವು ಅದರ ವ್ಯಾಪ್ತಿಯನ್ನು ಕುಗ್ಗಿಸಿತು. ಆ ಸಡಿಲನ್ನು ಬಿಗಿಯಲು ೧೯೯೫ರವರೆಗೆ ಕಾಯಬೇಕಾಯಿತು. ೧೯೭೬ರ ಬಕ್ಲಿ ವ್ಯಾಜ್ಯದಿಂದೀಚೆಗೆ, ಚುನಾವಣೆಯ ಹಣಕ್ಕೆ ಮಿತಿ ಹಾಕಲು ಭ್ರಷ್ಟತೆಯ ನಿವಾರಣೆಯೇ ಮುಖ್ಯ ಸಮರ್ಥನೆಯಾಯಿತು. ೨೦೧೦ರ ಸಿಟಿಜನ್ಸ್ ಯುನೈಟೆಡ್ ಮತ್ತು ೨೦೧೪ರ ಮೆಕಚನ್ ತೀರ್ಪುಗಳು ಭ್ರಷ್ಟತೆಯೆಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಪಡೆಯುವ ನೇರ ವಿನಿಮಯವೆಂದು ಗೆರೆಯೆಳೆದು, ದಾಕ್ಷಿಣ್ಯವೂ ಸಮೀಪಪ್ರವೇಶವೂ ಭ್ರಷ್ಟತೆಯಲ್ಲವೆಂದವು. ೨೦೧೬ರಲ್ಲಿ ಉಡುಗೊರೆಗಳನ್ನು ಪಡೆದು ಅಧಿಕಾರಿಗಳ ಭೇಟಿ ಮಾಡಿಸಿದ ರಾಜ್ಯಪಾಲನ ಶಿಕ್ಷೆ ರದ್ದಾಯಿತು. ೨೦೨೪ರಲ್ಲಿ, ಕೆಲಸವಾದ ಮೇಲೆ ಕೊಡುವ ಕಾಣಿಕೆಯು ಸ್ಥಳೀಯ ಅಧಿಕಾರಿಗಳಿಗೆ ಅನ್ವಯಿಸುವ ಕೇಂದ್ರದ ಲಂಚವಿರೋಧಿ ಕಾಯಿದೆಯೊಳಗೆ ಬಾರದೆಂದು ತೀರ್ಮಾನವಾಯಿತು.

ನ್ಯಾಯಮೂರ್ತಿಗಳು ಕಾದಂಬರಿಯನ್ನೋದಿ ತೀರ್ಪು ಬರೆದರೆಂದು ಇದರ ಅರ್ಥವಲ್ಲ. ಮಾತಿನ ಸ್ವಾತಂತ್ರ್ಯವನ್ನು ಕಾಯಬೇಕೆಂಬ ಅವರ ಕಾಳಜಿಯೂ ಹುರುಳಿಲ್ಲದ್ದಲ್ಲ. ಆದರೆ ಅವರು ಭ್ರಷ್ಟತೆಗೆ ಬರೆದ ಚಿತ್ರವು ಡಿಲ್‌ವರ್ದಿಯ ಚಿತ್ರವೇ. ರ‍್ಯಾಟ್‌ಕ್ಲಿಫ್ ಜಾಣತನದಿಂದ ಕಾಗದದ ಮೇಲೆ ಏನನ್ನೂ ಬರೆಯದಿದ್ದರೆ ಈ ನ್ಯಾಯಾಲಯದಿಂದ ನಿರ್ದೋಷಿಯಾಗಿ ಹೊರಬರಬಹುದು. ವಾರ್ಡನಂತೂ ಬೋನಿಗೆ ಬರಬೇಕಾದ ಕಾರಣವೇ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆಯಬಹುದಾದ ಪಾಪ ಮಾತ್ರವೇ ಪಾಪವೆಂಬ ಭಾವನೆ ಹೀಗೆ ವಿಡಂಬನೆಯಲ್ಲಿಯೂ ನ್ಯಾಯಶಾಸ್ತ್ರದಲ್ಲಿಯೂ ಬೇರೂರಿದೆ.

೭

ಹಾಗಾದರೆ ಮೊಗಸಾಲೆಯ ಬಾಗಿಲನ್ನೇ ಮುಚ್ಚಬೇಕೆ? ಭಾರತೀಯರು ಆ ಮಾತನ್ನು ಹೇಳುವ ಮುನ್ನ ೧೯೪೬ನ್ನು ನೆನೆಯಬೇಕು. ಭಾರತದಿಂದ ಬಂದವರು ಅಮೆರಿಕದ ಪೌರರಾಗಲಾರರೆಂದು ಸರ್ವೋಚ್ಚ ನ್ಯಾಯಾಲಯವು ೧೯೨೩ರಲ್ಲಿ ತೀರ್ಪಿತ್ತಿತ್ತು. ಪೌರತ್ವವಿಲ್ಲದವರಿಗೆ ಮತವಿಲ್ಲ, ಮತವಿಲ್ಲದವರಿಗೆ ಪ್ರತಿನಿಧಿಯಿಲ್ಲ. ನ್ಯೂಯಾರ್ಕಿನ ವರ್ತಕರಾದ ಸರದಾರ್ ಜೆ. ಜೆ. ಸಿಂಗ್ ಅವರ ನೇತೃತ್ವದಲ್ಲಿ ಇಂಡಿಯಾ ಲೀಗ್ ಎಂಬ ಸಂಘವು ವಾಷಿಂಗ್‌ಟನ್ನಿನಲ್ಲಿ ವರ್ಷಗಟ್ಟಲೆ ಸದಸ್ಯರ ಕದ ತಟ್ಟಿತು. ಎರಡು ಎದುರು ಪಕ್ಷಗಳಿಗೆ ಸೇರಿದ ಕ್ಲೇರ್ ಬೂತ್ ಲೂಸ್ ಮತ್ತು ಇಮ್ಯಾನ್ಯುಯೆಲ್ ಸೆಲ್ಲರ್ ಈ ಕಾರ್ಯಕ್ಕೆ ಮುಂದಾದರು. ೧೯೪೬ನೆಯ ಜುಲೈ ೨ರಂದು ಅಧ್ಯಕ್ಷನ ಅಂಕಿತ ಪಡೆದ ಶಾಸನವು ವರ್ಷಕ್ಕೆ ೧೦೦ ಮಂದಿ ಭಾರತೀಯರಿಗೆ ಪ್ರವೇಶವನ್ನೂ, ಪೌರತ್ವದ ಹಕ್ಕನ್ನೂ ಕೊಟ್ಟಿತು. ಆ ಹಕ್ಕಿನಿಂದ ಪೌರನಾದ ದಲೀಪ್ ಸಿಂಗ್ ಸೌಂದ್ ೧೯೫೬ರಲ್ಲಿ ಪ್ರತಿನಿಧಿಸಭೆಗೆ ಆರಿಸಿಬಂದರು. ಮತವೇ ಇಲ್ಲದವರು ಸಭೆಯ ಕಿವಿಯನ್ನು ಮುಟ್ಟಿದ್ದು ಮೊಗಸಾಲೆಯಿಂದಲೇ. ಆ ಶಾಸನವಾದ ಒಂದು ತಿಂಗಳಿಗೆ, ಆಗಸ್ಟ್ ೨ರಂದು, ಮೊಗಸಾಲೆಯವರ ನೋಂದಣಿಯ ಕಾಯಿದೆಯೂ ಜಾರಿಗೆ ಬಂದಿತು.

ಆದ್ದರಿಂದ ದೋಷವಿರುವುದು ಮೊಗಸಾಲೆಯು ಇರುವುದರಲ್ಲಲ್ಲ. ಅಲ್ಲಿ ನಿಲ್ಲಲು ಕೆಲವರಿಗೆ ಮಾತ್ರ ಬಿಡುವು, ಬಂಡವಾಳ, ಬಲ ಇರುವುದರಲ್ಲಿ. ಮತ್ತು ಒಳಗಿರುವವರು ತಮ್ಮ ಸ್ವಂತ ಅರಿವನ್ನು ಕೈಬಿಟ್ಟು ಹೊರಗಿನವರ ಅರಿವಿಗೆ ಕೈಚಾಚಿರುವುದರಲ್ಲಿ. ಈ ದೋಷಕ್ಕೆ ಖಳನಾಯಕನಿಲ್ಲ. ಖಳನಾಯಕನಿಲ್ಲದ ಅನ್ಯಾಯವನ್ನು ಕಥೆಯಾಗಿ ಹೇಳುವುದು ಕಾದಂಬರಿಕಾರನಿಗೆ ಬಹು ಕಷ್ಟವಾದ ಕೆಲಸ. ಟ್ವೇನನಲ್ಲಿ ಕೋಪವಿದೆ, ವ್ಯವಸ್ಥೆಯ ಅರಿವು ಸಾಲದು. ಆಡಮ್ಸನಲ್ಲಿ ಅರಿವಿದೆ, ಅನುಕಂಪ ಸಾಲದು. ಬೆಂಟ್ಲಿಯಿಂದ ಈಚಿನ ವಿದ್ವಾಂಸರಲ್ಲಿ ವ್ಯವಸ್ಥೆಯ ಪೂರ್ಣವಾದ ನಕ್ಷೆಯಿದೆ. ಆ ನಕ್ಷೆಯಲ್ಲಿ ಮನುಷ್ಯರ ಮುಖವಿಲ್ಲ. ಅಂಗಡಿಯಲ್ಲಿ ಔಷಧದ ಬೆಲೆ ಕೇಳಿ ಅರ್ಧ ಮಾತ್ರೆಗಳನ್ನು ಮಾತ್ರ ಕೊಂಡು ಹಿಂದಿರುಗುವ ವೃದ್ಧೆಯು ೨೦೦೩ರ ಆ ಬೆಳಗಿನ ಜಾವದ ಮತದಾನದೊಡನೆ ತನಗಿರುವ ಸಂಬಂಧವನ್ನು ಅರಿಯಳು. ಆ ಎರಡು ತುದಿಗಳನ್ನು ಕೂಡಿಸಿ ತೋರಿಸುವುದು ಅಂಕಿಅಂಶದಿಂದ ಆಗತಕ್ಕದ್ದಲ್ಲ, ಕಾದಂಬರಿಯಿಂದ ಆಗತಕ್ಕದ್ದು.

ಈ ಗ್ರಂಥಗಳನ್ನು ಪಾಠಹೇಳುವವರು ‘ಗಿಲ್ಡೆಡ್ ಏಜ್’ ಗ್ರಂಥದ ೨೮ನೆಯ ಅಧ್ಯಾಯದಲ್ಲಿ ಔತಣದ ಬಾಬು ಬಂದಾಗ ಒಂದು ಕ್ಷಣ ನಿಲ್ಲುವುದೊಳ್ಳೆಯದು. ವಿದ್ಯಾರ್ಥಿಗಳು ದೊಡ್ಡ ಮೊತ್ತಗಳನ್ನು ಕಂಡು ನಗುತ್ತಾರೆ, ನಗಬೇಕಾದುದೂ ನ್ಯಾಯವೇ. ಆದರೆ ಆ ಪಟ್ಟಿಯ ದೊಡ್ಡ ಮೊತ್ತಗಳಿಗೆ ಇಂದಿಗೂ ಶಿಕ್ಷೆಯುಂಟು. ಚಿಲ್ಲರೆಯಾಗಿ ಬಂದುಹೋದ ಬಾಬು ಮಾತ್ರ ನೂರೈವತ್ತು ವರ್ಷಗಳಲ್ಲಿ ಬೆಳೆದು, ಒಂದು ರಾಜ್ಯದ ದೈನಂದಿನ ಆಡಳಿತದಲ್ಲಿ ಯಾರ ಕಣ್ಣಿಗೂ ಕುಕ್ಕದಂತೆ ಬೆರೆತುಹೋಗಿದೆ.